ಕಟ್ಟಿದ ಕಾಡತೂಸುಗಳನ್ನು ಬಿಚ್ಚಿದ್ದು

ಕರಗಿದ ಸೀಸದ ಮೇಲ್ಮೈ ಕನ್ನಡಿಯಂತೆ ಹೊಳೆಯಬೇಕು. ನಮ್ಮ ಪಾತ್ರೆಯಲ್ಲಿದ್ದದ್ದು ನವಣೆ ಗಂಜಿಯಂತೆ ಕಾಣುತ್ತಿತ್ತು. ಸೌಟಿನಿಂದ ಎತ್ತಿದರೆ ಗಂಟುಗಂಟಾಗಿ ಬೀಳುತ್ತಿತ್ತು. ಅಚ್ಚಿಗೆ ಸುರಿದರೆ ಅಂಚಿನವರೆಗೆ ಹರಿಯದೆ, ಮೂಲೆ ಮೊಂಡಾದ, ಮೈ ಸುಕ್ಕುಗಟ್ಟಿದ ಗುಂಡುಗಳು ಹೊರಬರುತ್ತಿದ್ದವು. ಕೊಟ್ಟೂರಿನ ಒಂದು ಬಂದೂಕು ರಿಪೇರಿ ಅಂಗಡಿಯ ಹಿಂದಿನ ತಗಡಿನ ಚಪ್ಪರದಲ್ಲಿ ನಾವು ಮೂವರು ಆ ಗುಂಡುಗಳನ್ನು ನೋಡುತ್ತ ನಿಂತಿದ್ದೆವು. ಒಬ್ಬರು ಅಂಗಡಿಯ ಮಿಸ್ತ್ರಿ, ಇನ್ನೊಬ್ಬರು ಹಿರೇಹಡಗಲಿಯಿಂದ ಬಂದಿದ್ದ ವ್ಯಾಯಾಮ ಶಿಕ್ಷಕಿ, ಮೂರನೆಯವನು ಲೋಹಶಾಸ್ತ್ರ ಓದಿದ ನಾನು.

“ಇವು ಗುಂಡೋ, ಒಣ ಖರ್ಜೂರೋ ಸರ?” ಎಂದರು ಶಿಕ್ಷಕಿ.

“ಸತು ಸೇರಿಕೊಂಡಿದೆ,” ಎಂದೆ. ಹಗರಿಬೊಮ್ಮನಹಳ್ಳಿಯ ಟೈರ್ ಅಂಗಡಿಗಳಿಂದ ಚಕ್ರದ ತೂಕ ಸರಿಮಾಡಲು ಬಳಸುವ ಸೀಸದ ತುಂಡುಗಳನ್ನು ಆರಿಸಿ ತಂದವನು ನಾನೇ. ಈಚೆಗೆ ಅವುಗಳಲ್ಲಿ ಎಷ್ಟೋ ಸತುವಿನವು. ಇಕ್ಕಳದಿಂದ ಕಚ್ಚಿದರೆ ಸೀಸದ ಮೇಲೆ ಗುರುತು ಬೀಳುತ್ತದೆ, ಸತುವಿನ ಮೇಲೆ ಬೀಳುವುದಿಲ್ಲ. ಪ್ರತಿಯೊಂದನ್ನೂ ಕಚ್ಚಿ ನೋಡಿದ್ದೇನೆ ಎಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ಪಾತ್ರೆಯ ಸಾಕ್ಷ್ಯ ಬೇರೆಯಾಗಿತ್ತು. ಪಾತ್ರೆಯನ್ನೇ ನಂಬಿದೆ. ಅಷ್ಟೂ ಲೋಹವನ್ನು ತಿಪ್ಪೆಗೂ ಹಾಕುವಂತಿರಲಿಲ್ಲ, ಗಟ್ಟಿ ಮಾಡಿ ಮೂಲೆಗಿಟ್ಟು, ಮತ್ತೆ ಮೊದಲಿನಿಂದ ಆರಿಸಲು ಕುಳಿತೆವು.

ಗುಂಡು ಬೇಕಾಗಿದ್ದದ್ದು ಶಿಕ್ಷಕಿಯ ರೈಫಲ್‌ಗೆ. ಅದು ಅವರ ಅಜ್ಜನದು. ಒಂದು ಸಲಕ್ಕೆ ಒಂದೇ ಕಾಡತೂಸು ಹಿಡಿಯುವ, ಕಿರುಬೆರಳು ಸಲೀಸಾಗಿ ಇಳಿಯುವಷ್ಟು ದಪ್ಪ ನಳಿಗೆಯ ಹಳೆಯ ಬಂದೂಕು. ಪರವಾನಗಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವರಿಗೆ ಬಂದಿತ್ತು. ಈಗ ಅದು ಕ್ರೀಡೆಯ ಪರವಾನಗಿ. ಗುರಿಕಾರರ ಕ್ಲಬ್ಬಿನವರು ಹರಪನಹಳ್ಳಿಯ ಆಚೆ, ಉಚ್ಚಂಗಿದುರ್ಗದ ಕಡೆಯ ಕಲ್ಲುಗುಡ್ಡದ ಬುಡದಲ್ಲಿ ಹಳೆಯ ರೈಫಲ್‌ಗಳ ಒಂದು ಸ್ಪರ್ಧೆ ಇಟ್ಟಿದ್ದರು. ಅಜ್ಜನ ರೈಫಲನ್ನು ಅಲ್ಲಿ ತಾವೇ ಹೊಡೆಯಬೇಕೆಂಬುದು ಇವರ ಹಟ. ಆದರೆ ಅದಕ್ಕೆ ಒಗ್ಗುವ ಕಾಡತೂಸು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮನೆಯಲ್ಲಿ ಉಳಿದಿದ್ದದ್ದು ಬೇರೆ ಬೇರೆ ಕಾರ್ಖಾನೆಗಳ ಖಾಲಿ ಹಿತ್ತಾಳೆ ಕೊಳವೆಗಳು ಮಾತ್ರ. ಕಾಡತೂಸು ಕಟ್ಟುವ ಪರವಾನಗಿ ಮಿಸ್ತ್ರಿಯ ಅಂಗಡಿಗೆ ಇತ್ತು. ಲೋಹದ ವಿಷಯ ಹೇಳಲು ನನ್ನನ್ನು ಕರೆದಿದ್ದರು.

ಬರೀ ಸೀಸ ಮೆತ್ತಗೆ. ಅದಕ್ಕೆ ಸ್ವಲ್ಪ ತವರ ಸೇರಿದರೆ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ತವರಕ್ಕೆ ಕೂಡ್ಲಿಗಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವವರೊಬ್ಬರ ಬಳಿಗೆ ಹೋದೆ. ಅಷ್ಟು ತವರ ಯಾಕೆಂದು ಅವರು ಕೇಳಿದರು. ಗುಂಡಿಗೆ ಎಂದೆ. “ನಾವು ಊಟದ ಪಾತ್ರಿಗೆ ಹಾಕ್ತೀವಿ, ನೀವು ಗುಂಡಿಗೆ ಹಾಕ್ತೀರಿ. ಹೊಟ್ಟಿಗೆ ಹೋಗೋದಂತೂ ಎರಡೂ ಹೋಗ್ತಾವ ಬಿಡ್ರಿ,” ಎಂದು ನಕ್ಕು, ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಎರಡನೆಯ ಸಲ ಪಾತ್ರೆ ಹೊಳೆಯಿತು. ಅಚ್ಚು ಕಾಯುವವರೆಗೆ ಬಂದ ಗುಂಡುಗಳನ್ನು ವಾಪಸ್ ಪಾತ್ರೆಗೆ ಹಾಕಿದೆವು. ಆಮೇಲೆ ಬಂದವು ಬೆಳ್ಳಿಯ ಲಿಂಗದಕಾಯಿಯ ಹಾಗೆ ನುಣ್ಣಗಿದ್ದವು. ಇಲ್ಲಿಂದ ಕೆಲಸ ನಿಧಾನವಾಯಿತು, ಏಕೆಂದರೆ ಗುಂಡಿನ ಬುಡಕ್ಕೆ ತಾಮ್ರದ ಬಟ್ಟಲು ತೊಡಿಸಬೇಕಿತ್ತು. ಮದ್ದು ಹೊತ್ತಿದಾಗ ಹುಟ್ಟುವ ಬಿಸಿ ಅನಿಲ ಸೀಸದ ಬುಡವನ್ನು ನೆಕ್ಕಿ ಕರಗಿಸುತ್ತದೆ. ಕರಗಿದ ಸೀಸ ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಅದನ್ನು ತಡೆಯಲು ಬೆರಳುಗುರಿನಷ್ಟು ಆಳದ ಈ ಬಟ್ಟಲು. ಗುರಿಕಾರರು ಗ್ಯಾಸ್ ಚೆಕ್ ಎನ್ನುತ್ತಾರೆ. ಮಿಸ್ತ್ರಿಗೆ ಆ ಹೆಸರು ಹಿಡಿಸಲಿಲ್ಲ.

“ಬುಡಕ್ಕ ಹಾಕೋದಲ್ರಿ? ಹಂಗಾರ ಚಡ್ಡಿ ಅನ್ರಿ.”

ಆ ಹೆಸರೇ ನಿಂತಿತು. ತೆಳು ತಾಮ್ರದ ಹಾಳೆಯಿಂದ ಬಿಲ್ಲೆ ಕತ್ತರಿಸಿ, ಒತ್ತಿ ಚಡ್ಡಿ ಮಾಡುತ್ತಿದ್ದವರು ಮಿಸ್ತ್ರಿ. ಮೊದಲ ಸುತ್ತಿನವು ಗಡುಸಾಗಿ, ತೊಡಿಸಿದ ಮೇಲೆ ಸಡಿಲವಾಗುತ್ತಿದ್ದವು. ಪರೀಕ್ಷೆಗೆಂದು ಕಟ್ಟಿದ ನಾಲ್ಕಾರು ಕಾಡತೂಸುಗಳನ್ನು ರೈಫಲನ್ನು ಚೌಕಟ್ಟಿಗೆ ಬಿಗಿದು, ದೂರದಿಂದ ಹಗ್ಗ ಎಳೆದು ಹೊಡೆದೆವು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಬೂದು ಬಣ್ಣದ ಗೆರೆಗಳು. ಚಡ್ಡಿಗಳು ದಾರಿಯಲ್ಲೇ ಕಳಚಿಕೊಂಡಿದ್ದವು. ಬಟ್ಟಲುಗಳನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆತ್ತಗಾಗುತ್ತದೆ ಎಂದೆ. ಕಬ್ಬಿಣ ಹಾಗೆ ಮಾಡಿದರೆ ಗಟ್ಟಿಯಾಗುತ್ತದಲ್ಲ ಎಂದು ಮಿಸ್ತ್ರಿ ವಾದಕ್ಕೆ ನಿಂತರು. ಮಾಡಿ ನೋಡಿದ ಮೇಲೆ ಚಡ್ಡಿ ಗುಂಡಿನ ಬುಡವನ್ನು ಬಿಗಿಯಾಗಿ ಹಿಡಿಯಿತು. ಗುಂಡಿನ ಮೈಗೆ ಹಚ್ಚಲು ಜೇನುಮೇಣಕ್ಕೆ ಕುರಿ ಉಣ್ಣೆಯ ಜಿಡ್ಡು ಬೆರೆಸಿದೆವು. ಶಿಕ್ಷಕಿಯ ನೆರೆಮನೆಯವರು ಕುರಿ ಸಾಕುವವರು. ಅವರು ಕೊಟ್ಟ ಹಸಿ ಉಣ್ಣೆಯನ್ನು ಕುದಿಸಿ ಜಿಡ್ಡು ತೆಗೆದಿದ್ದೆವು. ಮರುದಿನ ಬಂದು ನೋಡಿದರೆ ಜೋಡಿಸಿಟ್ಟ ಗುಂಡುಗಳ ಸುತ್ತ ಇರುವೆ ಮುತ್ತಿದ್ದವು. ಅವನ್ನು ಊದಿ ಓಡಿಸುವುದರಲ್ಲಿ ಒಂದು ಬೆಳಿಗ್ಗೆ ಕಳೆಯಿತು.

ಎರಡನೆಯ ಪರೀಕ್ಷೆಯಲ್ಲಿ ನಳಿಗೆ ಸ್ವಚ್ಛವಾಗಿ ಉಳಿಯಿತು. ಸ್ಪರ್ಧೆ ಭಾನುವಾರ. ಶನಿವಾರ ಮಧ್ಯಾಹ್ನ ಮದ್ದು ತುಂಬಲು ಕುಳಿತೆವು.

ಈ ಕೆಲಸದ ಅಪಾಯವನ್ನು ಇಲ್ಲಿ ಹೇಳಿಬಿಡಬೇಕು. ಸೀಸದ ಗುಂಡಿಗೆ ನಾವು ಹಾಕುತ್ತಿದ್ದದ್ದು ಹೊಗೆಯಿಲ್ಲದ ಮದ್ದು, ಅದೂ ಕಡಿಮೆ ಪ್ರಮಾಣದಲ್ಲಿ. ಆ ದೊಡ್ಡ ಹಿತ್ತಾಳೆ ಕೊಳವೆಯ ಅರ್ಧವೂ ತುಂಬುವುದಿಲ್ಲ. ಕೈತಪ್ಪಿ ಒಂದರಲ್ಲಿ ಎರಡು ಪಾಲು ಬಿದ್ದರೂ ಹೊರಚೆಲ್ಲುವುದಿಲ್ಲ, ಗುಂಡು ಸಲೀಸಾಗಿ ಕೂರುತ್ತದೆ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೊಡೆದಾಗ ಮಾತ್ರ ಗೊತ್ತಾಗುತ್ತದೆ. ಆಗ ಹೊಡೆಯುವವರ ಕೆನ್ನೆ ರೈಫಲ್‌ಗೆ ಒತ್ತಿಕೊಂಡಿರುತ್ತದೆ, ಕಣ್ಣು ಅದರಿಂದ ಗೇಣು ದೂರದಲ್ಲಿರುತ್ತದೆ.

ನಾನು ತಕ್ಕಡಿಯಲ್ಲಿ ಒಂದೊಂದೇ ಪಾಲು ತೂಗಿ ಕೊಡುತ್ತಿದ್ದೆ. ಮಿಸ್ತ್ರಿ ಅದನ್ನು ಆಲಿಕೆಯ ಮೂಲಕ ಕೊಳವೆಗೆ ಸುರಿಯುತ್ತಿದ್ದರು. ಕೊಳವೆಗಳನ್ನು ನಿಲ್ಲಿಸಲು ತೂತು ಕೊರೆದ ಬೇವಿನ ಹಲಗೆಗಳಿದ್ದವು. ಒಂದು ಹಲಗೆ ತುಂಬಿದ ಮೇಲೆ ನಾನು ಟಾರ್ಚ್ ಬಿಟ್ಟು ಎಲ್ಲ ಕೊಳವೆಗಳಲ್ಲೂ ಮದ್ದಿನ ಮಟ್ಟ ಒಂದೇ ಇದೆಯೇ ಎಂದು ನೋಡಬೇಕು. ಆಮೇಲೆ ಶಿಕ್ಷಕಿ ಗುಂಡು ಕೂರಿಸಬೇಕು.

ಬಂದೂಕು ಕೆಲಸ ಕಲಿಯುವ ಮುಂಚೆ ಮಿಸ್ತ್ರಿ ಕೊಟ್ಟೂರಿನ ಕಾಳಿನ ಸಂತೆಯಲ್ಲಿ ಅಪ್ಪನ ಜೊತೆ ಜೋಳ ಅಳೆಯುತ್ತಿದ್ದವರು. ಮೊದಲ ಕೊಳವೆಗೆ ಅವರು ಒಂದು ಎನ್ನಲಿಲ್ಲ.

“ಲಾಭ,” ಎಂದರು. “ಎರಡು... ಮೂರು...”

“ಕಾಕಾ, ಇದೇನು ಜ್ವಾಳದ ರಾಶಿಯೇನು?” ಎಂದರು ಶಿಕ್ಷಕಿ.

“ಏನರೆ ಆಗ್ಲಿ ಬೇ, ಅಳತಿ ಅಂದಮ್ಯಾಲೆ ಲಾಭದಿಂದ್ಲೇ ಸುರು.”

ನಡುವೆ ನನಗೊಂದು ಫೋನ್ ಬಂತು. ಎದ್ದು ಹೊರಗೆ ಹೋದೆ. ಬರುವಷ್ಟರಲ್ಲಿ ಮಂಡಕ್ಕಿ ಮಿರ್ಚಿ ಬಂದಿತ್ತು. ಮದ್ದಿನ ಡಬ್ಬ ಮುಚ್ಚಿ, ಅಂಗಳಕ್ಕೆ ಹೋಗಿ ತಿಂದು, ಕೈ ತೊಳೆದು ಮತ್ತೆ ಕುಳಿತೆವು. ಇಳಿಹೊತ್ತಿಗೆ ಮೂರು ಹಲಗೆಗಳೂ ಮುಗಿದವು. ಕಾಡತೂಸುಗಳು ಹಲಗೆಯಲ್ಲಿದ್ದ ಕ್ರಮದಲ್ಲೇ ಪೆಟ್ಟಿಗೆಯಲ್ಲಿ ಸಾಲಾಗಿ ಕುಳಿತಾಗ ಮೂವರಿಗೂ ಹೆಮ್ಮೆಯಾಯಿತು. ಶಿಕ್ಷಕಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

“ನಮ್ಮಜ್ಜ ನೋಡಿದ್ರ ಮೀಸಿ ತಿರುವ್ತಿದ್ದ ನೋಡ್ರಿ.”

ಅವರು ಪೆಟ್ಟಿಗೆ ಮುಚ್ಚುವಾಗ, ಟಾರ್ಚ್ ಬಿಟ್ಟು ನೋಡಿದೆನೇ ಎಂದು ನನ್ನನ್ನೇ ಕೇಳಿಕೊಂಡೆ. ನೋಡಿದ್ದೆ. ಹಳದಿ ಬೆಳಕು, ದುಂಡನೆಯ ಹಿತ್ತಾಳೆ ಬಾಯಿಗಳು, ತಳದಲ್ಲಿ ಒಂದೇ ಮಟ್ಟದ ಕಪ್ಪು ಹರಳು, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಆ ಚಿತ್ರದಲ್ಲಿ ಕೊಳವೆಗಳು ನಿಂತಿದ್ದ ಹಲಗೆ ಕಂದು ಬಣ್ಣದ್ದು. ಪರೀಕ್ಷೆಯ ದಿನ ಬಳಸಿದ್ದ ಹಳೆಯ ತೇಗದ ಹಲಗೆ ಅದು. ಇವತ್ತಿನ ಬೇವಿನ ಹಲಗೆಗಳು ಹೊಸದಾಗಿ ಕೊಯ್ದವು, ಬಿಳಿ. ಬಿಳಿ ಹಲಗೆಯ ಮೇಲೆ ಬೆಳಕು ಬಿದ್ದ ಚಿತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

“ಪೆಟ್ಟಿಗೆ ಇಲ್ಲಿಡಿ,” ಎಂದೆ.

ವಿಷಯ ಹೇಳಿದೆ. ಮಿಸ್ತ್ರಿ, “ನೋಡಿದ್ರಿ ಸರ, ನೋಡಿದ್ರಿ. ನಾ ಕಂಡೀನಿ,” ಎಂದರು. ಯಾವಾಗ ಎಂದು ಕೇಳಿದರೆ ಅವರಿಗೂ ಹೇಳಲಾಗಲಿಲ್ಲ. “ಮೊದಲನೇದು ನೋಡಿದಂಗಿತ್ತು,” ಎಂದರು ಶಿಕ್ಷಕಿ, “ಆಮ್ಯಾಲೆ ನಾ ಗುಂಡು ಕೂರ್ಸೋದ್ರಾಗಿದ್ದೆ.”

ನನ್ನ ಅನುಮಾನವೆಲ್ಲ ಎರಡನೆಯ ಹಲಗೆಯ ಮೇಲಿತ್ತು. ಫೋನ್ ಬಂದದ್ದು ಅದರ ಮಧ್ಯದಲ್ಲಿ. ವಾಪಸ್ ಬಂದು ಕುಳಿತಾಗ ಯಾವ ಕೊಳವೆಯವರೆಗೆ ತುಂಬಿತ್ತು ಎಂದು ಮಿಸ್ತ್ರಿಯನ್ನು ಕೇಳಿದ್ದೆನೋ ಇಲ್ಲವೋ.

ಮೊದಲು ಬಿಚ್ಚದೆಯೇ ಪತ್ತೆ ಮಾಡಲು ನೋಡಿದೆ. ಕಾಡತೂಸುಗಳನ್ನು ಒಂದೊಂದಾಗಿ ತೂಗಿದೆ. ಕೊಳವೆಗಳು ಬೇರೆ ಬೇರೆ ಕಾರ್ಖಾನೆಯವು, ಒಂದರ ಗೋಡೆ ದಪ್ಪ, ಇನ್ನೊಂದರದು ತೆಳು. ಕೈಯಲ್ಲಿ ಎರೆದ ಗುಂಡುಗಳ ತೂಕವೂ ಅಷ್ಟಿಷ್ಟು ಹೆಚ್ಚುಕಡಿಮೆ. ಈ ವ್ಯತ್ಯಾಸಗಳೇ ಒಂದು ಪಾಲು ಮದ್ದಿನ ತೂಕಕ್ಕಿಂತ ಹೆಚ್ಚಾಗಿದ್ದವು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಎಲ್ಲವೂ ಒಂದೇ ತರಹ ಸದ್ದು ಮಾಡಿದವು.

“ಸರ, ಎರಡನೇ ಹಲಗಿ ಅಷ್ಟ ಬಿಚ್ಚ್ರಿ,” ಎಂದರು ಶಿಕ್ಷಕಿ. “ಉಳಿದದ್ದು ನಾ ತಗೊಂಡು ಹೋಗ್ತೀನಿ. ನಾಳೆ ಮುಂಜಾನಿ ಹೊಂಡಬೇಕು.”

“ಹೌದು ಸರ,” ಎಂದರು ಮಿಸ್ತ್ರಿ. “ಇಷ್ಟು ಚಂದ ಚಡ್ಡಿ ಹಾಕಿ, ಎಣ್ಣಿ ಹಚ್ಚಿ, ಮದಲಿಂಗನಂಗ ಮಾಡಿ ಕೂರ್ಸೀವಿ. ಎಲ್ಲಾನೂ ಬಿಚ್ಚಿದ್ರ ಗುಂಡೂ ಹೋತು, ಚಡ್ಡಿನೂ ಹೋತು.”

ಅವರ ಮಾತು ಸರಿಯಾಗಿತ್ತು. ಎಳೆದು ತೆಗೆದ ಗುಂಡಿನ ಮೈ ತರಚುತ್ತದೆ, ಬುಡ ಹಾಳಾಗುತ್ತದೆ. ಮತ್ತೆ ಕರಗಿಸುವುದೊಂದೇ ದಾರಿ. ನಮ್ಮಲ್ಲಿ ಬಳಸದೆ ಉಳಿದಿದ್ದ ಒಳ್ಳೆಯ ಗುಂಡುಗಳು ಸ್ಪರ್ಧೆಗೆ ಬೇಕಾದಷ್ಟೇ ಇದ್ದವು, ಅಭ್ಯಾಸದ ಹೊಡೆತಗಳಿಗೆ ಒಂದೂ ಇರಲಿಲ್ಲ. ಒಂದು ಹಲಗೆ ಬಿಚ್ಚುವುದು ನ್ಯಾಯವಾದ ಒಪ್ಪಂದದಂತೆ ಕಂಡಿತು. ಒಪ್ಪಿಕೊಳ್ಳುವುದರಲ್ಲಿದ್ದೆ.

ಆಗ ಆ ಸತು ನೆನಪಾಯಿತು. ಪ್ರತಿ ತುಂಡನ್ನೂ ಕಚ್ಚಿ ನೋಡಿದ್ದೇನೆ ಎಂಬ ಖಚಿತ ನೆನಪು ನನಗೆ ಈಗಲೂ ಇದೆ, ಅದು ಸುಳ್ಳು ಎಂದು ಗೊತ್ತಾದ ಮೇಲೂ ಇದೆ. ಅಂಥ ತಲೆ ಎರಡನೆಯ ಹಲಗೆಯನ್ನು ತೋರಿಸಿ ತಪ್ಪು ಇಲ್ಲೇ ಇದೆ ಎಂದರೆ ಅದನ್ನಾದರೂ ಯಾಕೆ ನಂಬಬೇಕು? ಮರೆತದ್ದು ಎಲ್ಲಿ ಎಂದು ನೆನಪಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಎಲ್ಲಿಂದ ಬಂತು?

“ಎಲ್ಲವನ್ನೂ ಬಿಚ್ಚೋಣ,” ಎಂದೆ.

“ಎಲ್ಲಾನೂ?”

“ಒಂದೂ ಬಿಡದ ಹಾಗೆ.”

ಶಿಕ್ಷಕಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟರು. “ಹೊಡಿಯಾಕಿ ನಾನು. ನನಗ ಇಲ್ಲದ ಹೆದರಿಕಿ ನಿಮಗ್ಯಾಕ್ರಿ?”

“ಹೊಡೆಯುವವರು ನೀವು, ಅದಕ್ಕೇ,” ಎಂದೆ. ಅವರು ಬಾಗಿಲ ಬಳಿಯ ಸ್ಟೂಲ್ ಮೇಲೆ ಬೆನ್ನು ತಿರುಗಿಸಿ ಕುಳಿತರು.

ಬಿಚ್ಚಲು ಒಂದು ಟೊಳ್ಳು ಸುತ್ತಿಗೆ ಇದೆ. ಕಾಡತೂಸನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ, ಹಿತ್ತಾಳೆ ಕೊಳವೆ ಹಿಡಿತದಲ್ಲಿ ನಿಲ್ಲುತ್ತದೆ, ಭಾರದ ಗುಂಡು ಮುಂದಕ್ಕೆ ಜಾರಿ ಮದ್ದಿನ ಸಮೇತ ಸುತ್ತಿಗೆಯ ಹೊಟ್ಟೆಗೆ ಬೀಳುತ್ತದೆ. ನಮ್ಮ ಚಡ್ಡಿಗಳು ಅಲ್ಲೂ ತೊಂದರೆ ಕೊಟ್ಟವು. ಗುಂಡು ಹೊರಬಂದರೂ ತಾಮ್ರದ ಬಟ್ಟಲು ಕೆಲವು ಕೊಳವೆಗಳ ಕುತ್ತಿಗೆಯಲ್ಲೇ ಸಿಕ್ಕಿಕೊಂಡಿತು, ಅದರ ಕೆಳಗೆ ಮದ್ದು ಉಳಿಯಿತು. ಮಿಸ್ತ್ರಿ ಹಿತ್ತಾಳೆ ತಂತಿಯ ಕೊಕ್ಕೆ ಮಾಡಿ ಒಂದೊಂದನ್ನೇ ಎಳೆದರು. ಹೊರಬಂದ ಮದ್ದನ್ನು ನಾನು ಜರಡಿ ಹಿಡಿದು, ತೂಗಿ, ಬೇರೆ ಡಬ್ಬಕ್ಕೆ ಹಾಕುತ್ತಿದ್ದೆ.

ಎರಡನೆಯ ಹಲಗೆಯಿಂದ ಶುರುಮಾಡಿದೆವು. ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲ ಸರಿ. ಕೊನೆಯದರಲ್ಲಿ ತಕ್ಕಡಿಯ ಕಡ್ಡಿ ಒಂದಿಷ್ಟು ಮೇಲೆ ಎದ್ದಿತು, ಅಪಾಯವಿಲ್ಲದಷ್ಟು. ಎರಡು ಪಾಲು ಎಲ್ಲೂ ಇರಲಿಲ್ಲ.

“ನೋಡ್ರಿ ಮತ್ತ,” ಎಂದರು ಶಿಕ್ಷಕಿ, ತಿರುಗದೆ. “ಸಾಕು ಮಾಡ್ರಿ ಇನ್ನ.”

ಆ ಕ್ಷಣ ನಿಲ್ಲಿಸಬೇಕೆಂದು ನನಗೆ ಬಹಳ ಅನಿಸಿತು. ಕೈ ನೋಯುತ್ತಿತ್ತು. ನನ್ನ ಅನುಮಾನ ಸುಳ್ಳಾಗಿತ್ತು. ಆದರೆ ಆ ಕೊನೆಯ ಕೊಳವೆಯ ಹೆಚ್ಚಿಗೆ ಕಾಳುಗಳಿಗೆ ನನ್ನ ಬಳಿ ಕಾರಣವಿರಲಿಲ್ಲ. ತೂಗುವಾಗ ನಾನು ಅಷ್ಟು ತಪ್ಪುವುದಿಲ್ಲ ಎನ್ನಬಹುದಿತ್ತು. ಆ ಮಾತನ್ನು ಆ ದಿನ ಹೇಳುವ ಧೈರ್ಯವಿರಲಿಲ್ಲ.

ಮೊದಲ ಹಲಗೆ ಬಿಚ್ಚಿದೆವು. ಎಲ್ಲ ಸರಿ, ಕೊನೆಯದರಲ್ಲಿ ಮಾತ್ರ ಮತ್ತೆ ಚೂರು ಹೆಚ್ಚು. ನಾನು ಮಿಸ್ತ್ರಿಯ ಮುಖ ನೋಡಿದೆ. ಅವರು ತಕ್ಕಡಿ ನೋಡುತ್ತಿದ್ದರು.

ಮೂರನೆಯ ಹಲಗೆಯ ಕೊನೆಯದನ್ನು ಬಿಚ್ಚಿ ಮದ್ದನ್ನು ತಟ್ಟೆಗೆ ಸುರಿದಾಗ ಕಡ್ಡಿ ಟಪ್ಪನೆ ಮೇಲಿನ ತಡೆಗೆ ಬಡಿದು ನಿಂತಿತು. ತಟ್ಟೆ ನೋಡಿದರೇ ಗೊತ್ತಾಗುತ್ತಿತ್ತು. ಪೂರಾ ಎರಡು ಪಾಲು.

ಶಿಕ್ಷಕಿ ಎದ್ದು ಬಂದು ತಟ್ಟೆಯೊಳಗೆ ಬಗ್ಗಿ ನೋಡಿದರು. ಆಮೇಲೆ ತಮಗೆ ಗೊತ್ತಿಲ್ಲದೆಯೇ ಬಲಗೆನ್ನೆ ಮುಟ್ಟಿಕೊಂಡರು.

ಮಿಸ್ತ್ರಿ ನಿಧಾನವಾಗಿ ಕುಳಿತರು. “ಸರ, ತಟ್ಟ್ಯಾಗ ಉಳಿದಿತ್ತಲ್ರಿ...”

“ಯಾವ ತಟ್ಟೆಯಲ್ಲಿ?”

“ನೀವು ತೂಗೋ ತಟ್ಟ್ಯಾಗ. ಹಲಗಿ ತುಂಬಿದ ಮ್ಯಾಲೆ ನಾಕು ಕಾಳು ಉಳಿತಾವಲ್ರಿ, ಅಂಟಿಕೊಂಡು. ಅದನ್ನ ಕೊನೇದಕ್ಕ ಝಾಡಿಸಿಬಿಡ್ತಿದ್ದೆ. ಮೂರನೇ ಹಲಗಿ ಮುಗಿದಾಗ ಒಂದು ಪಾಲು ಪೂರಾ ತೂಗಿ ಇಟ್ಟಿದ್ರಿ. ಖಾಲಿ ಕೊಳವಿ ಇರ್ಲಿಲ್ಲ, ಅದೂ ಕೊನೇದಕ್ಕ ಹೋತು.”

ಅದು ನಿಜ. ಎಣಿಕೆ ತಪ್ಪಿ ನಾನು ಒಂದು ಪಾಲು ಹೆಚ್ಚಿಗೆ ತೂಗಿ, ತಟ್ಟೆಯನ್ನು ಹಾಗೇ ಬಿಟ್ಟು, ಕೈ ಒರೆಸಿಕೊಳ್ಳಲು ಹೋಗಿದ್ದೆ. ವಾಪಸ್ ಬಂದಾಗ ತಟ್ಟೆ ಖಾಲಿ ಇತ್ತು. ಡಬ್ಬಕ್ಕೆ ನಾನೇ ಸುರಿದಿರಬೇಕು ಎಂದುಕೊಂಡಿದ್ದೆ.

“ಡಬ್ಬಕ್ಕೆ ಹಾಕಬಹುದಿತ್ತಲ್ಲ?”

“ಅಳೆದದ್ದನ್ನ ರಾಶಿಗೆ ವಾಪಸ್ ಹಾಕಬಾರದ್ರಿ.” ಇದನ್ನು ಹೇಳುವಾಗ ಮಾತ್ರ ಅವರ ದನಿ ಗಟ್ಟಿಯಾಗಿತ್ತು. “ನಮ್ಮಪ್ಪ ಕೈಮ್ಯಾಲೆ ಬಾರಿಸಿ ಕಲಿಸ್ಯಾನ. ಸೇರಿನ್ಯಾಗ ಬಂದದ್ದು ತಗೊಳ್ಳಾವನದು. ಕೊನಿಗೆ ಕೊಸರು ಅಂತ ಹಾಕಿಬಿಡದು. ಕೈ ತಾನ ಹೋಗಿಬಿಡ್ತೈತಿ. ಹೊಲ ಕಾಯೋ ಬಂದೂಕಿಗೆ ಕರಿಮದ್ದು ತುಂಬುವಾಗೂ ಒಂದು ಚಿಟಿಕಿ ಹಂಗ ಹಾಕ್ತೀನಿ, ಏನೂ ಆಗಂಗಿಲ್ಲ. ಇದು ಆ ಮದ್ದಲ್ಲ ಅಂಬೋದು ತಲಿಗೆ ಗೊತ್ತಿತ್ತು. ಕೈಗೆ ಗೊತ್ತಾಗ್ಲಿಲ್ಲ.”

ಸಂತೆಯಲ್ಲಿ ಅಳತೆ ಮುಗಿದ ಮೇಲೆ ಕೊಳ್ಳುವವರ ಚೀಲಕ್ಕೆ ಒಂದು ಬೊಗಸೆ ಹೆಚ್ಚಿಗೆ ಹಾಕುವುದೇ ಕೊಸರು. ನಾನೂ ಅದನ್ನು ಕೇಳಿ ಪಡೆದು ಬೆಳೆದವನು. ಕೊಡದಿದ್ದರೆ ಜಗಳ ತೆಗೆಯುತ್ತಿದ್ದೆವು.

“ಕಾಕಾ,” ಎಂದರು ಶಿಕ್ಷಕಿ ಕೊನೆಗೆ. ಕೈ ಇನ್ನೂ ಕೆನ್ನೆಯ ಮೇಲಿತ್ತು, ಆದರೆ ನಗುತ್ತಿದ್ದರು. “ನಿನ್ನ ಕೊಸರಿಗೆ ನಾ ನಾಳೆ ಉಚ್ಚಂಗೆಮ್ಮನ ಪಾದನ ಸೇರ್ತಿದ್ನಲ್ಲೋ. ಅಷ್ಟು ಧಾರಾಳ ಬ್ಯಾಡ ಮಾರಾಯ.”

ಮಿಸ್ತ್ರಿ ನಗಲಿಲ್ಲ. ಎದ್ದು ಹೋಗಿ ತೊಟ್ಟಿಯ ನೀರಿನಲ್ಲಿ ಮುಖ ತೊಳೆದು ಅಲ್ಲೇ ನಿಂತರು. ನಾನು ಹತ್ತಿರ ಹೋಗಿ, ಟಾರ್ಚ್ ಬಿಟ್ಟು ನೋಡಿದ್ದರೆ ಅದು ಕಂಡೇ ಕಾಣುತ್ತಿತ್ತು, ನೋಡಬೇಕಾದವನು ನಾನು ಎಂದೆ. ಅವರು ತಲೆಯಾಡಿಸಿದರು. ಅದರಿಂದ ಅವರಿಗೆ ಸಮಾಧಾನವಾಯಿತೋ ಇಲ್ಲವೋ ತಿಳಿಯಲಿಲ್ಲ. ನಾನು ತೊಟ್ಟಿಯ ಕಟ್ಟೆಯ ಮೇಲೆ ಕುಳಿತೆ. ನೆನಪನ್ನು ನಂಬಿದ್ದರೆ ಪೆಟ್ಟಿಗೆ ಹಾಗೆಯೇ ಹೋಗುತ್ತಿತ್ತು. ಅನುಮಾನವನ್ನು ನಂಬಿದ್ದರೆ ಎರಡನೆಯ ಹಲಗೆ ಬಿಚ್ಚಿ, ಮೂರನೆಯದನ್ನು ಕಳುಹಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ಉಳಿದಿದ್ದ ಒಳ್ಳೆಯ ಗುಂಡುಗಳಿಗೆ ಮತ್ತೆ ಮದ್ದು ತುಂಬಿದೆವು. ತಟ್ಟೆಯಲ್ಲಿ ಉಳಿದದ್ದನ್ನು ಡಬ್ಬಕ್ಕೆ ಹಾಕಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೂ ಆ ಕೈ ಮರೆಯುತ್ತಿತ್ತು. ಮಿಸ್ತ್ರಿಯೇ ಒಂದು ಮಣ್ಣಿನ ಹಣತೆ ತಂದು ತಮ್ಮ ಬಲಗಡೆ ಇಟ್ಟುಕೊಂಡರು. ಉಳಿದ ಕಾಳುಗಳು ರಾಶಿಗೂ ಹೋಗುವಂತಿಲ್ಲ, ಕೊಳವೆಗೂ ಹೋಗುವಂತಿಲ್ಲ, ಹಣತೆಗೆ ಹೋಗಬೇಕು. ಹಲಗೆ ತುಂಬಿದ ಮೇಲೆ ಮೂವರೂ ಸರದಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆವು. ಪ್ರತಿಯೊಬ್ಬರೂ ನೋಡಿದೆ ಎಂದು ಬಾಯಿಬಿಟ್ಟು ಹೇಳಬೇಕೆಂದು ಶಿಕ್ಷಕಿ ನಿಯಮ ಮಾಡಿದರು. ಮಕ್ಕಳ ಹಾಜರಿ ಕರೆದಂತೆ ಕರೆದರು. ಕೊನೆಯಲ್ಲಿ ಹಣತೆಯಲ್ಲಿದ್ದ ಚಿಟಿಕೆ ಮದ್ದನ್ನು ಅಂಗಳದ ಬಯಲಿನಲ್ಲಿ ಸುರಿದು ಮಿಸ್ತ್ರಿ ಉದ್ದನೆಯ ಕಡ್ಡಿಯಿಂದ ಬೆಂಕಿ ಮುಟ್ಟಿಸಿದರು. ಅದು ಉರಿದದ್ದೇ ಸರಿಯಾಗಿ ಕಾಣಲಿಲ್ಲ.

ಹರಪನಹಳ್ಳಿ ದಾಟಿ ಮೈದಾನ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಕಲ್ಲುಗುಡ್ಡದ ಬುಡದಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಕಾಗದದ ಗುರಿಗಳು. ಶಿಕ್ಷಕಿಯ ಸರದಿ ಬಂದಾಗ ಕಾಡತೂಸು ಕೊಡಲು ಒಬ್ಬರು ಪಕ್ಕದಲ್ಲಿ ಕೂರಬಹುದು ಎಂದರು. ಮಿಸ್ತ್ರಿ ನನ್ನನ್ನು ಮುಂದೆ ತಳ್ಳಿದರು. ಪೆಟ್ಟಿಗೆಯಲ್ಲಿದ್ದ ಮೊದಲನೆಯದನ್ನು ಕೊಟ್ಟೆ. ಅವರು ಅದನ್ನು ಒಳಗಿಟ್ಟು, ಮುಚ್ಚಿ, ಕೆನ್ನೆಯನ್ನು ಮರಕ್ಕೆ ಒತ್ತಿದರು. ಎಲ್ಲವನ್ನೂ ಬಿಚ್ಚಿ ತೂಗಿ ಮತ್ತೆ ಕಟ್ಟಿದ ಮೇಲೂ ನಾನು ಕಣ್ಣು ಮುಚ್ಚಿದೆ.

ಸದ್ದು ಗುಡ್ಡಕ್ಕೆ ಬಡಿದು ಎರಡು ಸಲ ವಾಪಸ್ ಬಂತು. ಕಣ್ಣು ತೆರೆದಾಗ ಅವರ ಭುಜ ಹಿಂದಕ್ಕೆ ಹೋಗಿ ಮತ್ತೆ ಸ್ವಸ್ಥಾನಕ್ಕೆ ಬರುತ್ತಿತ್ತು. ರೈಫಲ್ ತೆರೆದರು. ಖಾಲಿ ಕೊಳವೆ ಬೆರಳು ತಾಗಿದ ಕೂಡಲೇ ಸಲೀಸಾಗಿ ಜಾರಿ ಹೊರಬಂದು ಮಣ್ಣಿಗೆ ಬಿತ್ತು. ಹಿಂದೆ ನಿಂತಿದ್ದ ಮಿಸ್ತ್ರಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಶಿಕ್ಷಕಿ ನಮ್ಮ ಕಡೆ ತಿರುಗಲಿಲ್ಲ. ಗುರಿಯಿಂದ ಕಣ್ಣು ಕೀಳದೆ, ಇನ್ನೊಂದಕ್ಕಾಗಿ ಅಂಗೈ ಚಾಚಿದರು.